ರೊಮೇನಿಯನ್ ಕಲಿಯುವವರು ಬನ್ನಿ: ‘ನನ್ನ’ ಅನ್ನೋಕೆ ಇಷ್ಟೊಂದು ರೂಪ, ಅದರ ಮೇಲೆ ಈ ಆಲ್-ಆ-ಆಯ್-ಆಲೆ ಕಾಟ

ಕ್ಲೂಜ್‌ನಲ್ಲಿರೋ ಶಿವಮೊಗ್ಗದವ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ರೊಮೇನಿಯಾದ ಕ್ಲೂಜ್‌ಗೆ ಬಂದು ಎಂಟು ತಿಂಗಳಾಯಿತು. ಆಫೀಸಿನಲ್ಲಿ ಇಂಗ್ಲಿಷ್ ಸಾಕು. ಆದರೆ ನನ್ನ ಮನೆ ಓನರ್ ಅಜ್ಜಿಗೆ ರೊಮೇನಿಯನ್, ಹಂಗೇರಿಯನ್ ಬಿಟ್ಟು ಬೇರೆ ಭಾಷೆ ಬರಲ್ಲ. ಹಾಗಾಗಿ ಕಲಿಯಲೇಬೇಕು.

ಹೋದ ವಾರ ಗೆಳೆಯನೊಬ್ಬ ಎರಡು ದಿನ ಉಳಿಯೋಕೆ ಬರುತ್ತಾನೆ ಅಂತ ಅಜ್ಜಿಗೆ ಒಂದು ಚೀಟಿ ಬರೆದು ಅವರ ಬಾಗಿಲಿಗೆ ಅಂಟಿಸಿದ್ದೆ. ‘ನನ್ನ ಒಬ್ಬ ಗೆಳೆಯ’ ಅನ್ನೋದಕ್ಕೆ ‘ಉನ್ ಪ್ರಿಯೆತೆನ್ ಮೆವ್’ ಅಂತ ಬರೆದಿದ್ದೆ. ಉನ್ ಅಂದರೆ ಒಬ್ಬ, ಪ್ರಿಯೆತೆನ್ ಅಂದರೆ ಗೆಳೆಯ, ಮೆವ್ ಅಂದರೆ ನನ್ನ. ಸರಿ ಅಲ್ವಾ? ಸಂಜೆ ಬಂದು ನೋಡಿದರೆ ಅದೇ ಚೀಟಿ ನನ್ನ ಬಾಗಿಲ ಮೇಲೆ. ಕೊನೆಯ ಎರಡು ಪದಗಳ ನಡುವೆ ಕೆಂಪು ಪೆನ್ನಿನಲ್ಲಿ ‘ಆಲ್’ ಅಂತ ಸೇರಿಸಿದ್ದಾರೆ! ಅಜ್ಜಿ ರಿಟೈರ್ಡ್ ಟೀಚರ್ ಅಂತ ಆಮೇಲೆ ಗೊತ್ತಾಯಿತು.

ಪುಸ್ತಕ ತೆಗೆದರೆ ‘ನನ್ನ’ ಅನ್ನೋದಕ್ಕೆ ಮೆವ್, ಮೆಆ, ಮೆಯ್, ಮೆಲೆ ಅಂತ ನಾಲ್ಕು ರೂಪ. ಅದಕ್ಕೂ ಮೊದಲು ಕೆಲವು ಸಲ ಆಲ್, ಆ, ಆಯ್, ಆಲೆ. ಕೆಲವು ಸಲ ಇಲ್ಲ. ಯಾವಾಗ ಹಾಕಬೇಕು, ಯಾವಾಗ ಬಿಡಬೇಕು? ಕನ್ನಡದಲ್ಲಿ ಆರಾಮಾಗಿ ‘ನನ್ನ’ ಅಂದರೆ ಮುಗೀತು. ಯಾರಾದರೂ ಬಿಡಿಸಿ ಹೇಳಿ.

ಬುಕಾರೆಸ್ಟ್ ಸೊಸೆ

ತಮ್ಮಾ, ಅಜ್ಜಿ ಸರಿಯಾಗಿಯೇ ತಿದ್ದಿದ್ದಾರೆ. ನನಗೆ ಇದನ್ನು ತಿದ್ದಿದ್ದು ನಮ್ಮತ್ತೆ.

ಮೊದಲು ಉಚ್ಚಾರಣೆ, ಇಲ್ಲದಿದ್ದರೆ ಮುಂದೆ ಗೊಂದಲ. ಈ ಭಾಷೆಯಲ್ಲಿ ಎರಡು ‘ಅ’ ಇವೆ. ತಲೆ ಮೇಲೆ ಬಟ್ಟಲು ಇಟ್ಟ ಹಾಗೆ ಗುರುತಿರುವ ಅಕ್ಷರ ಹೆಚ್ಚುಕಡಿಮೆ ನಮ್ಮ ಗಿಡ್ಡ ಅ. ಗುರುತಿಲ್ಲದ್ದು ಬಾಯಿ ಅಗಲಿಸಿ ಹೇಳುವ ಆ. ‘ಕಾಸ’ ಅಂದರೆ ಮನೆ. ‘ಕಾಸಾ’ ಅಂದರೆ ‘ಆ ಮನೆ’, ಗೊತ್ತಿರುವ ಮನೆ. ಇಂಗ್ಲಿಷಿನಲ್ಲಿ ‘ದಿ’ ಮುಂದೆ ಬರುತ್ತೆ, ಇಲ್ಲಿ ಅದು ಪದದ ಬಾಲ. ಗಂಡು ಪದಕ್ಕೆ ‘ಉಲ್’ ಅಥವಾ ‘ಲೆ’: ಪ್ರಿಯೆತೆನ್, ಪ್ರಿಯೆತೆನುಲ್. ಫ್ರಾತೆ (ಅಣ್ಣ ಅಥವಾ ತಮ್ಮ), ಫ್ರಾತೆಲೆ. ‘ಮೆಆ’ ಅನ್ನೋದನ್ನು ಒಂದೇ ಉಸಿರಲ್ಲಿ ಹೇಳು, ಬಿಡಿಸಬೇಡ.

ಈಗ ನಿನ್ನ ಪ್ರಶ್ನೆ. ಮೆವ್, ಮೆಆ ಇವೆಲ್ಲ ಆ ಬಾಲ ಹಿಡಿದುಕೊಂಡೇ ನಡೆಯುತ್ತವೆ. ‘ಪ್ರಿಯೆತೆನುಲ್ ಮೆವ್’, ನನ್ನ ಗೆಳೆಯ. ‘ಕಾಸಾ ಮೆಆ’, ನನ್ನ ಮನೆ. ಅವುಗಳಿಗಿಂತ ಮೊದಲು ಬರುವ ಪದಕ್ಕೆ ಬಾಲ ಇದ್ದರೆ ಬೇರೇನೂ ಬೇಡ. ನೀನು ‘ಉನ್ ಪ್ರಿಯೆತೆನ್’ ಅಂದಾಗ ಬಾಲ ಇಲ್ಲ. ಹಿಡಿಯೋಕೆ ಏನೂ ಸಿಗಲಿಲ್ಲ. ಆಗ ‘ಆಲ್’ ಬಂದು ಕೈ ಕೊಡುತ್ತೆ: ‘ಉನ್ ಪ್ರಿಯೆತೆನ್ ಆಲ್ ಮೆವ್’. ಗೆಳತಿ ಆದರೆ ‘ಒ ಪ್ರಿಯೆತೆನ ಆ ಮೆಆ’.

ಹಳೇ ಮೇಷ್ಟ್ರು

ಸೊಸೆಯವರು ಚೆನ್ನಾಗಿ ಹೇಳಿದರು. ಒಂದು ಮಾತು ಸೇರಿಸುತ್ತೇನೆ. ಕನ್ನಡದಲ್ಲಿ ‘ನನ್ನ’ ಅಂದರೆ ಮುಗೀತು ಅಂದರಲ್ಲ ಶಿವಮೊಗ್ಗದವರೇ, ಅದು ಪೂರ್ತಿ ನಿಜವಲ್ಲ.

‘ಈ ಪುಸ್ತಕ ನನ್ನ’ ಅಂತ ಯಾರಾದರೂ ಹೇಳುತ್ತಾರಾ? ‘ನನ್ನದು’ ಅಂತೀವಿ. ಪುಸ್ತಕಗಳು ‘ನನ್ನವು’. ಮನುಷ್ಯರಾದರೆ ನಮ್ಮವನು, ನಮ್ಮವಳು, ನಮ್ಮವರು. ಅಂದರೆ ಹೆಸರಿನ ಮುಂದೆ ನಿಂತಾಗ ‘ನನ್ನ’ ಬದಲಾಗಲ್ಲ. ಹೆಸರು ಬಿಟ್ಟು ಒಂಟಿಯಾಗಿ ನಿಂತ ಕೂಡಲೇ ಅದಕ್ಕೊಂದು ದು, ವು, ವನು, ವಳು, ವರು ಬೇಕು. ಆ ತುದಿ ಯಾರನ್ನು ನೋಡಿ ಬದಲಾಗುತ್ತೆ? ಒಡೆಯನನ್ನಲ್ಲ, ವಸ್ತುವನ್ನು ನೋಡಿ.

ರೊಮೇನಿಯನ್‌ನ ಆಲ್, ಆ, ಆಯ್, ಆಲೆ ಮಾಡುವುದೂ ಈ ಕೆಲಸವನ್ನೇ. ‘ಕಾರ್ತೆಆ ಯೆ ಆ ಮೆಆ’, ಪುಸ್ತಕ ನನ್ನದು. ‘ಕರ್ತ್ಸಿಲೆ ಸುಂತ್ ಆಲೆ ಮೆಲೆ’, ಪುಸ್ತಕಗಳು ನನ್ನವು. ‘ದು’ ನಮ್ಮಲ್ಲಿ ಹಿಂದೆ ಅಂಟುತ್ತೆ, ಅವರಲ್ಲಿ ಮುಂದೆ ನಿಲ್ಲುತ್ತೆ. ‘ಉನ್ ಪ್ರಿಯೆತೆನ್ ಆಲ್ ಮೆವ್’ ಅನ್ನೋದನ್ನು ‘ಒಬ್ಬ ಗೆಳೆಯ, ನನ್ನವನು’ ಅಂತ ಮನಸ್ಸಿನಲ್ಲಿ ಓದಿಕೊಳ್ಳಿ. ನನಗಂತೂ ಟೇಬಲ್ ಉರು ಹೊಡೆದಾಗ ಬಾರದ್ದು ಈ ಒಂದು ಹೋಲಿಕೆಯಿಂದ ಬಂತು.

ಧಾರವಾಡ ಫೇಡಾ

ಮೇಷ್ಟ್ರೇ, ಇದು ಭಾರಿ ಆಯ್ತು! ಎರಡು ವರ್ಷದಿಂದ ಆ್ಯಪ್‌ನಲ್ಲಿ ಕಲಿಯುತ್ತಿದ್ದೇನೆ, ಯಾರೂ ಹೀಗೆ ಹೇಳಲಿಲ್ಲ. ಹಿಂದಿ ಬಲ್ಲವರಿಗೆ ಇನ್ನೂ ಸುಲಭ. ಮೇರಾ ಭಾಯಿ, ಮೇರಿ ಬೆಹನ್. ಅಲ್ಲಿಯೂ ವಸ್ತು ನೋಡಿಯೇ ರೂಪ ಬದಲಾಗುತ್ತೆ. ಹೇಳುವವಳು ಹೆಂಗಸಾದರೂ ‘ಮೇರಾ ಭಾಯಿ’ಯೇ. ಹಾಗೇ ನಾನೂ ‘ಫ್ರಾತೆಲೆ ಮೆವ್’ ಅಂತೀನಿ, ನಮ್ಮಕ್ಕನೂ ‘ಫ್ರಾತೆಲೆ ಮೆವ್’ ಅಂತಾಳೆ.

ನನ್ನ ತಲೆನೋವು ಲಿಂಗ. ಕನ್ನಡದಲ್ಲಿ ಕುರ್ಚಿ, ಫೋನು, ರೈಲು ಎಲ್ಲ ‘ಅದು’. ಇಲ್ಲಿ ಪುಸ್ತಕ ಹೆಣ್ಣು, ನಾಯಿ ಗಂಡು, ಸರಿ. ಫೋನಿಗೆ ‘ತೆಲೆಫೊನುಲ್ ಮೆವ್’ ಅಂದರು, ಗಂಡು ಅಂದುಕೊಂಡೆ. ಎರಡು ಫೋನಾದರೆ ‘ತೆಲೆಫ್ವಾನೆಲೆ ಮೆಲೆ’. ಮೆಯ್ ಎಲ್ಲಿ ಹೋಯಿತು?

ಬುಕಾರೆಸ್ಟ್ ಸೊಸೆ

ಅದು ಅವರ ನಪುಂಸಕ. ಒಂದಿದ್ದಾಗ ಗಂಡು, ಜಾಸ್ತಿ ಆದಾಗ ಹೆಣ್ಣು! ನಗಬೇಡಿ, ನಿಜವಾಗಿಯೂ ಹಾಗೇ. ಕುರ್ಚಿ ‘ಸ್ಕಾವ್ನುಲ್ ಮೆವ್’, ಕುರ್ಚಿಗಳು ‘ಸ್ಕಾವ್ನೆಲೆ ಮೆಲೆ’. ರೈಲು ‘ತ್ರೆನುಲ್’, ರೈಲುಗಳು ‘ತ್ರೆನುರಿಲೆ’. ಆಲ್-ಆಲೆಯೂ ಅದರ ಜೊತೆಗೇ ತಿರುಗುತ್ತೆ. ಫೋನು ‘ಆಲ್ ಮೆವ್’, ಫೋನುಗಳು ‘ಆಲೆ ಮೆಲೆ’. ಹಾಗಾಗಿ ಹೊಸ ಪದ ಕಲಿಯುವಾಗ ಏಕವಚನ ಮಾತ್ರ ಕಲಿತರೆ ಪ್ರಯೋಜನವಿಲ್ಲ. ನಾನು ಅಡುಗೆಮನೆ ಡಬ್ಬಿಗಳ ಮೇಲೆಲ್ಲ ಎರಡೂ ರೂಪ ಬರೆದು ಅಂಟಿಸಿದ್ದೆ. ನಮ್ಮತ್ತೆ ಅದನ್ನು ನೋಡಿ ಉಪ್ಪಿಗೆ ಬಹುವಚನ ಯಾಕಮ್ಮಾ ಅಂತ ಕೇಳಿದ್ದರು.

ಮಕ್ಕಳ ವಿಷಯದಲ್ಲಿ ಇನ್ನೊಂದು ತಮಾಷೆ. ಮಗು ‘ಕೊಪಿಲ್’. ಮಕ್ಕಳು ‘ಕೊಪಿಯ್’, ಬರೆಯುವಾಗ ಕೊನೆಯಲ್ಲಿ ಎರಡು ಐ. ‘ನನ್ನ ಮಕ್ಕಳು’ ಅನ್ನೋಕೆ ಬಾಲ ಬೇಕಲ್ಲ, ಅದಕ್ಕೆ ಇನ್ನೊಂದು ಐ. ಒಟ್ಟು ಮೂರು ಐ ಸಾಲಾಗಿ, ಆಮೇಲೆ ‘ಮೆಯ್’. ಒಂದು ಐ ಪದದ್ದು, ಒಂದು ಬಹುವಚನದ್ದು, ಒಂದು ಬಾಲದ್ದು. ಇಲ್ಲಿಯವರೇ ಒಂದು ಐ ನುಂಗಿಬಿಡುತ್ತಾರೆ.

ತಾತನ ಮೊಮ್ಮಗ

ನನಗೆ ಮೊದಲ ದಿನವೇ ಆಘಾತ. ಕ್ಲಾಸಿನಲ್ಲಿ ಫ್ಯಾಮಿಲಿ ಫೋಟೊ ತೋರಿಸಿ ‘ತಾತಲ್ ಮೆವ್’ ಅಂದರು ಟೀಚರ್. ಫೋಟೊದಲ್ಲಿ ಇದ್ದವರಿಗೆ ನಲವತ್ತು ದಾಟಿರಲಿಲ್ಲ. ಇಷ್ಟು ಚಿಕ್ಕ ವಯಸ್ಸಿನ ತಾತನಾ ಅಂದುಕೊಂಡೆ. ‘ತಾತ’ ಅಂದರೆ ಅಪ್ಪ ಅಂತೆ! ಅದಕ್ಕಿಂತ ಹೆಚ್ಚು ಅಂದರೆ, ಮಾತಿನಲ್ಲಿ ಅಪ್ಪನಿಗೆ ‘ತಾಯ್ಕ’ ಅಂತಲೂ ಇದೆ. ತಾತನೂ ಅಪ್ಪ, ತಾಯ್ಕನೂ ಅಪ್ಪ.

ಹಳೇ ಮೇಷ್ಟ್ರು

ಹ್ಹಹ್ಹ. ಅವರ ಚರ್ಚಿನ ಮುಖ್ಯ ಪ್ರಾರ್ಥನೆ ಶುರುವಾಗುವುದೇ ‘ತಾತಲ್ ನೊಸ್ತ್ರು’ ಅಂತ. ನಮ್ಮ ತಂದೆಯೇ ಅಂತ ಅರ್ಥ. ಬಾಲ, ಅದರ ಹಿಂದೆ ‘ನಮ್ಮ’. ನಿಯಮ ನೆನಪಿಡೋಕೆ ಎರಡೇ ಪದ ಸಾಕು. ಮೊಲ್ಡೋವಾದ ರಾಷ್ಟ್ರಗೀತೆಯ ಹೆಸರೂ ಇದೇ ಅಚ್ಚಿನದು: ‘ಲಿಂಬಾ ನ್ವಾಸ್ತ್ರ’, ನಮ್ಮ ಭಾಷೆ. ಭಾಷೆ ಹೆಣ್ಣು ಪದ, ಹಾಗಾಗಿ ನೊಸ್ತ್ರು ಅಲ್ಲ, ನ್ವಾಸ್ತ್ರ. ಆ ದೇಶದ ಕಾನೂನುಗಳಲ್ಲಿ ಭಾಷೆಯ ಹೆಸರು ‘ಮೊಲ್ಡೋವನ್’ ಅಂತ ಇದ್ದದ್ದನ್ನು 2023ರಲ್ಲಿ ‘ರೊಮೇನಿಯನ್’ ಅಂತ ಬದಲಿಸಿದರು. ಹಾಡಿನ ಹೆಸರಿನಲ್ಲಿ ಬರೀ ‘ನಮ್ಮ’ ಅಂತಿದ್ದುದರಿಂದ ಅದನ್ನು ಮುಟ್ಟುವ ತೊಂದರೆ ಬರಲಿಲ್ಲ ನೋಡಿ.

ಸಂಸ್ಕೃತ ಪ್ರೇಮಿ

ಒಂದು ವಿಷಯ ಯಾರೂ ಗಮನಿಸಿಲ್ಲ. ನಿನ್ನ ಅನ್ನೋದಕ್ಕೆ ಅವರು ‘ತವ್’ ಅಂತಾರೆ. ಸಂಸ್ಕೃತದ ‘ತವ’! ಅವನ ಅನ್ನೋದಕ್ಕೆ ‘ಸವ್’, ಸಂಸ್ಕೃತದ ‘ಸ್ವ’. ನಮ್ಮಿಂದಲೇ ಹೋಗಿದ್ದು ಅಂತ ಇದಕ್ಕಿಂತ ಸಾಕ್ಷಿ ಬೇಕಾ?

ಹಳೇ ಮೇಷ್ಟ್ರು

ನೆಂಟಸ್ತನ ನಿಜ, ಹೋಗಿದ್ದು ನಿಜವಲ್ಲ. ಕ್ರಿ.ಶ. 106ರಲ್ಲಿ ರೋಮ್ ದೊರೆ ಟ್ರಾಜನ್ ಆಗಿನ ಡೇಸಿಯಾ ನಾಡನ್ನು ಗೆದ್ದ. ಅಲ್ಲಿ ಬೇರೂರಿದ ಆಡುಮಾತಿನ ಲ್ಯಾಟಿನ್ನೇ ಮುಂದೆ ರೊಮೇನಿಯನ್ ಆಯಿತು. ಮೆವ್, ತವ್, ಸವ್ ಎಲ್ಲ ಲ್ಯಾಟಿನ್‌ನ ಮೆಉಸ್, ತುಉಸ್, ಸುಉಸ್ ವಂಶದವು. ಲ್ಯಾಟಿನ್ನೂ ಸಂಸ್ಕೃತವೂ ಒಂದೇ ದೊಡ್ಡ ಮನೆತನದ ಎರಡು ಕವಲು. ಕಸಿನ್‌ಗಳ ಮೂಗು ಒಂದೇ ತರಹ ಇದ್ದರೆ ಒಬ್ಬರು ಇನ್ನೊಬ್ಬರ ಮಗ ಅಂತ ಹೇಳೋಕಾಗುತ್ತಾ? ನಮ್ಮ ‘ತನ್ನ’ ಮಾತ್ರ ಬೇರೆಯೇ ಮನೆಯದು, ದ್ರಾವಿಡ.

ಧಾರವಾಡ ಫೇಡಾ

‘ತನ್ನ’ ಅಂತ ನೆನಪಾಯಿತು. ಅವನ ಅನ್ನೋದಕ್ಕೆ ಇವರಲ್ಲಿ ಎರಡು ಇದೆ, ‘ಲುಯ್’ ಮತ್ತು ‘ಸವ್’. ನಾನು ಮಾಡಿಕೊಂಡ ಸೂತ್ರ: ಲುಯ್ ಅಂದರೆ ಅವನ, ಸವ್ ಅಂದರೆ ತನ್ನ. ಇದೂ ಕನ್ನಡದ ಹಾಗೇ ಅಲ್ವಾ?

ಹಳೇ ಮೇಷ್ಟ್ರು

ಅರ್ಧ ದಾರಿ ಸರಿ ಹೋಗುತ್ತೆ, ಆಮೇಲೆ ಹಳ್ಳಕ್ಕೆ ಬೀಳ್ತೀರಿ. ನಾನೂ ಅಲ್ಲೇ ಬಿದ್ದವನು.

ಕನ್ನಡದ ‘ತನ್ನ’ ಹೆಚ್ಚಾಗಿ ಕರ್ತೃವಿಗೇ ಅಂಟುತ್ತೆ. ‘ಅವನು ತನ್ನ ಕಾರಿನಲ್ಲಿ ಬಂದ’ ಅಂದರೆ ಕಾರು ಅವನದೇ. ಈಗ ಇದನ್ನು ನೋಡಿ: ‘ದಿರೆಕ್ತೊರುಲ್ ಆ ವೆನಿತ್. ಮಾಶಿನಾ ಸಾ ಯೆ ಇನ್ ಕುರ್ತೆ.’ ಡೈರೆಕ್ಟರ್ ಬಂದರು. ಅವರ ಕಾರು ಅಂಗಳದಲ್ಲಿದೆ. ಎರಡನೇ ವಾಕ್ಯದಲ್ಲಿ ಕರ್ತೃ ಕಾರು, ಆದರೂ ‘ಸಾ’ ಸಲೀಸಾಗಿ ಬಂತು. ಕನ್ನಡದಲ್ಲಿ ಅಲ್ಲಿ ‘ತನ್ನ ಕಾರು ಅಂಗಳದಲ್ಲಿದೆ’ ಅಂದು ನೋಡಿ. ಕಿವಿಗೆ ಚುಚ್ಚುತ್ತೆ.

ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಸವ್, ಸಾ, ಸಯ್, ಸಾಲೆ ವಸ್ತುವನ್ನು ನೋಡಿ ಬದಲಾಗುತ್ತವೆ. ಒಡೆಯ ಗಂಡಸೋ ಹೆಂಗಸೋ ಹೇಳಲ್ಲ. ಲುಯ್ (ಅವನ), ಯೆಯ್ (ಅವಳ) ಇವು ಒಡೆಯ ಯಾರು ಅಂತ ಹೇಳುತ್ತವೆ, ವಸ್ತುವನ್ನು ನೋಡಿ ಬದಲಾಗಲ್ಲ. ‘ಕಾಸಾ ಲುಯ್’, ‘ಫ್ರಾತೆಲೆ ಲುಯ್’, ‘ಕರ್ತ್ಸಿಲೆ ಲುಯ್’. ಯಾಕೆ ಬದಲಾಗಲ್ಲ? ಅವು ಮೂಲದಲ್ಲೇ ‘ಅವನು’, ‘ಅವಳು’ ಅನ್ನೋದರ ಷಷ್ಠಿ ರೂಪ. ಅವನು-ಅವನ ಇದ್ದ ಹಾಗೆ. ‘ಲೊರ್’ ಅಂದರೆ ಅವರ, ಲ್ಯಾಟಿನ್‌ನ ‘ಇಲ್ಲೋರುಮ್’ ಸವೆದು ಆದದ್ದು. ಒಡೆಯರು ಒಬ್ಬರಿಗಿಂತ ಜಾಸ್ತಿ ಇದ್ದರೆ ಲೊರ್ ಒಂದೇ, ಸವ್ ಅಲ್ಲಿ ಬರುವ ಹಾಗಿಲ್ಲ.

ಆದರೆ ಹುಷಾರ್. ಲುಯ್ ಬದಲಾಗದಿದ್ದರೂ ಅದರ ಮುಂದಿನ ಆಲ್-ಆ ಬದಲಾಗುತ್ತೆ. ‘ಕಾರ್ತೆಆ ಯೆ ಆ ಲುಯ್’, ಪುಸ್ತಕ ಅವನದು. ‘ತೆಲೆಫೊನುಲ್ ಯೆ ಆಲ್ ಲುಯ್’, ಫೋನು ಅವನದು.

ಬುಕಾರೆಸ್ಟ್ ಸೊಸೆ

ಮನೆಯಲ್ಲಿ, ಅಂಗಡಿಯಲ್ಲಿ ಲುಯ್, ಯೆಯ್ ಜಾಸ್ತಿ ಕೇಳಿಸುತ್ತೆ. ಸವ್, ಸಾ ನ್ಯೂಸ್ ಓದುವವರ ಬಾಯಲ್ಲಿ, ಅರ್ಜಿಗಳಲ್ಲಿ. ನಾನು ಮೊದಮೊದಲು ಎಲ್ಲಕ್ಕೂ ಸವ್ ಹಾಕುತ್ತಿದ್ದೆ, ನಮ್ಮ ಮೈದುನ ‘ಅತ್ತಿಗೆ ಪತ್ರಿಕಾ ಹೇಳಿಕೆ ಕೊಡ್ತಿದ್ದಾರೆ’ ಅಂತ ಕಾಲೆಳೆಯುತ್ತಿದ್ದ.

ಕನ್ನಡದವರಿಗೇ ಮೀಸಲಾದ ಒಂದು ತಪ್ಪು ಹೇಳಲಾ? ನಾವು ‘ನನ್ನ ಅಮ್ಮ’ ಅನ್ನೋದಕ್ಕಿಂತ ‘ನಮ್ಮಮ್ಮ’ ಅನ್ನೋದೇ ಜಾಸ್ತಿ. ಒಬ್ಬಳೇ ಮಗಳಾದರೂ ನಮ್ಮಮ್ಮ, ನಮ್ಮಪ್ಪ, ನಮ್ಮನೆ. ಬಂದ ಹೊಸದರಲ್ಲಿ ಲಿಫ್ಟ್ ಹತ್ತಿರ ಪಕ್ಕದ ಮನೆಯಾಕೆ ಸಿಕ್ಕಿದರು. ‘ನಮ್ಮ ಮನೆಯವರು ಆಫೀಸಿಗೆ ಹೋಗಿದ್ದಾರೆ’ ಅನ್ನೋಕೆ ‘ಸೊತ್ಸುಲ್ ನೊಸ್ತ್ರು’ ಅಂತ ಶುರು ಮಾಡಿದೆ. ಆಕೆ ಲಿಫ್ಟಿನ ಬಟನ್ ಒತ್ತೋದು ಬಿಟ್ಟು ನನ್ನ ಮುಖ ನೋಡಿದರು. ‘ನಮ್ಮಿಬ್ಬರ ಗಂಡ’ ಅಂದ ಹಾಗಾಗಿತ್ತು! ಆಕೆ ನಗುತ್ತಾ ‘ನನ್ನವರು ಮನೆಯಲ್ಲೇ ಮಲಗಿದ್ದಾರೆ’ ಅಂದರು. ಅವತ್ತಿಂದ ಗಂಡನ ವಿಷಯದಲ್ಲಿ ‘ಮೆವ್’ ಮರೆತಿಲ್ಲ.

ತಾತನ ಮೊಮ್ಮಗ

ಅಕ್ಕಾ, ಟೀ ಮೂಗಿಗೆ ಹತ್ತಿತು.

ಬುಕಾರೆಸ್ಟ್ ಸೊಸೆ

ಇನ್ನೂ ಇದೆ ಕೇಳು. ‘ನಮ್ಮ ಅಮ್ಮ’ ಸೇರಿ ‘ನಮ್ಮಮ್ಮ’ ಆದ ಹಾಗೆ ಇವರಲ್ಲೂ ಮನೆಮಂದಿಯ ಪದಗಳು ಅಂಟಿಕೊಳ್ಳುತ್ತವೆ. ‘ಸೊರಾ ಮೆಆ’ ಅಂದರೆ ನನ್ನ ತಂಗಿ ಅಥವಾ ಅಕ್ಕ, ಪುಸ್ತಕದ ರೀತಿ. ‘ಸೊರ-ಮೆಆ’ ಅಂದರೆ ಅದೇ, ಆದರೆ ಬಾಯಿಮಾತಿನ ರೀತಿ. ಬಾಲದ ಆ ಹೋಗಿ ಗಿಡ್ಡ ಅ ಉಳಿಯಿತು, ಮಧ್ಯೆ ಅಡ್ಡಗೆರೆ ಬಂತು, ನೋಡಿದಿರಾ? ಫ್ರಾತೆ-ಮೆವ್, ಮಾಯ್ಕ-ಮೆಆ (ನಮ್ಮಮ್ಮ), ತಾಯ್ಕ-ಮೆವ್ (ನಮ್ಮಪ್ಪ). ನಾನು ದಿನಕ್ಕೆ ಹತ್ತು ಸಲ ಹೇಳೋದು ಸ್ವಾಕ್ರ-ಮೆಆ, ನಮ್ಮತ್ತೆ. ಸಲಿಗೆ ಇರುವ ಕಡೆ ಮಾತ್ರ ಇದು. ಆಫೀಸ್ ಪತ್ರದಲ್ಲಿ ಬರೆಯಬೇಡಿ.

ಮತ್ತೆ ಒಂದು ಎಚ್ಚರಿಕೆ. ‘ಮಾಮಾ ತಾ’ ಅಂದರೆ ನಿನ್ನ ಅಮ್ಮ, ತೊಂದರೆಯಿಲ್ಲ. ಅದನ್ನೇ ಚುಟುಕು ಮಾಡಿ ‘ಮ-ತಾ’ ಅಂದರೆ ಜಗಳ. ಕನ್ನಡದಲ್ಲಿ ‘ನಿನ್ನಮ್ಮನ್’ ಅಂತ ನಿಲ್ಲಿಸಿದರೆ ಏನಾಗುತ್ತೆ ಗೊತ್ತಲ್ವಾ, ಅದೇ.

ಕಿಶಿನವ್ ಮೆಡಿಕಲ್

ಮೊಲ್ಡೋವಾದಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಒಂದು ಅನುಮಾನ. ಇಲ್ಲಿ ವಾರ್ಡಿನಲ್ಲಿ ಪೇಷಂಟುಗಳು ‘ಉನ್ ಪ್ರಿಯೆತೆನ್ ಆ ಮೆವ್’ ಅಂತಲೇ ಹೇಳುತ್ತಾರೆ. ಆಲ್ ಇಲ್ಲ, ಆಯ್ ಇಲ್ಲ, ಆಲೆ ಇಲ್ಲ. ಎಲ್ಲದಕ್ಕೂ ‘ಆ’. ಹಾಗಾದರೆ ಇಷ್ಟೆಲ್ಲ ಕಲಿಯೋದು ದಂಡನಾ?

ಹಳೇ ಮೇಷ್ಟ್ರು

ನಿಮ್ಮ ಕಿವಿ ಚುರುಕಾಗಿದೆ. ಮೊಲ್ಡೋವಾ, ರೊಮೇನಿಯಾದ ಯಾಶ್ ಸೀಮೆ, ಟ್ರಾನ್ಸಿಲ್ವೇನಿಯಾದ ಬಹುಪಾಲು ಕಡೆ ಆಡುಮಾತಿನಲ್ಲಿ ‘ಆ’ ಒಂದೇ ಇದೆ. ಆಲ್, ಆ, ಆಯ್, ಆಲೆ ಅಂತ ನಾಲ್ಕನ್ನೂ ಮಾತಿನಲ್ಲೇ ಉಳಿಸಿಕೊಂಡಿರುವುದು ಬುಕಾರೆಸ್ಟ್ ಇರುವ ದಕ್ಷಿಣದ ಕಡೆ. ಪಠ್ಯದ ಭಾಷೆ ಆಗಿರುವುದು ಅದೇ. ನಮ್ಮಲ್ಲಿ ‘ಅವು ನನ್ನವು’ ಅಂತ ಬರೆದು, ಮಾತಿನಲ್ಲಿ ‘ಅವೆಲ್ಲಾ ನಂದೇ’ ಅಂದುಬಿಡ್ತೀವಲ್ಲ, ಹಾಗೆ. ಪೇಷಂಟ್ ಹೇಳಿದ್ದನ್ನು ತಿದ್ದೋಕೆ ಹೋಗಬೇಡಿ. ಪರೀಕ್ಷೆಯಲ್ಲಿ ಮಾತ್ರ ನಾಲ್ಕನ್ನೂ ಬರೆಯಿರಿ.

ಕಿಶಿನವ್ ಮೆಡಿಕಲ್

ಥ್ಯಾಂಕ್ಸ್ ಸರ್. ಪೇಷಂಟ್ ಅಂದ ಮೇಲೆ ಇನ್ನೊಂದು. ‘ನನ್ನ ತಲೆ ನೋಯುತ್ತಿದೆ’ ಅನ್ನೋಕೆ ಯಾರೂ ‘ಕಾಪುಲ್ ಮೆವ್’ ಅನ್ನಲ್ಲ. ‘ಮ ದ್ವಾರೆ ಕಾಪುಲ್’ ಅಂತಾರೆ. ನನ್ನನ್ನು ನೋಯಿಸುತ್ತೆ ತಲೆ, ಅಂತ. ‘ನನ್ನ’ ಎಲ್ಲೂ ಇಲ್ಲ.

ಧಾರವಾಡ ಫೇಡಾ

ಇದು ನನಗೆ ತುಂಬ ಇಷ್ಟವಾದ ಭಾಗ. ಮೈ, ಬಟ್ಟೆ, ಕೀಲಿಕೈ ಇಂಥವಕ್ಕೆ ಇವರು ‘ನನ್ನ’ ಬಿಟ್ಟು ‘ನನಗೆ’ ಅಂತಾರೆ. ‘ಮಿ-ಆಮ್ ಪಿಯೆರ್ದುತ್ ಕೆಯಿಲೆ’, ನನ್ನ ಕೀಲಿಕೈ ಕಳೆದುಕೊಂಡೆ. ಪದಕ್ಕೆ ಪದ ಇಟ್ಟರೆ ‘ನನಗೆ ಕೀಲಿಕೈ ಕಳೆದೆ’. ‘ಮಿ-ಯೆ ಫ್ವಾಮೆ’ ಅಂದರೆ ನನಗೆ ಹಸಿವು. ‘ಮಿ-ಯೆ ಫ್ರಿಗ್’, ನನಗೆ ಚಳಿ. ಇಂಗ್ಲಿಷ್ ಮೂಲಕ ಕಲಿಯುವವರು ಇಲ್ಲಿ ಒದ್ದಾಡುತ್ತಾರೆ. ಕನ್ನಡದವರಿಗೆ ‘ನನಗೆ ಹಸಿವು’, ‘ನನಗೆ ತಲೆನೋವು’ ಹುಟ್ಟಿನಿಂದಲೇ ಬಂದಿದೆ.

ಬುಕಾರೆಸ್ಟ್ ಸೊಸೆ

ಹೌದು. ಆದರೆ ‘ನನಗೊಬ್ಬ ತಮ್ಮ ಇದ್ದಾನೆ’ ಅನ್ನೋಕೆ ಅದನ್ನೇ ಹಾಕಬೇಡಿ. ಅಲ್ಲಿ ಅವರು ಇಂಗ್ಲಿಷಿನ ದಾರಿ ಹಿಡಿದು ‘ಆಮ್ ಉನ್ ಫ್ರಾತೆ’ ಅಂತಾರೆ.

ಕೊನೆಯದಾಗಿ ಒಂದು ಮುಳ್ಳು ಹೇಳಿ ಬಿಡುತ್ತೇನೆ. ‘ನಮ್ಮಮ್ಮನ ಮನೆ’ ಅನ್ನೋದು ‘ಕಾಸಾ ಮಾಮೆಯ್ ಮೆಲೆ’. ಅಮ್ಮ ಒಬ್ಬಳೇ, ಆದರೂ ಮೆಲೆ! ಹೆಣ್ಣು ಪದ ‘ಅಮ್ಮನ’, ‘ಅಮ್ಮನಿಗೆ’ ಅನ್ನೋ ರೂಪಕ್ಕೆ ಬಂದರೆ ಅದರ ಹಿಂದಿನ ಮೆಆ ಬಹುವಚನದ ವೇಷ ಹಾಕುತ್ತೆ. ‘ನನ್ನ ಒಬ್ಬ ಗೆಳತಿಗೆ’ ಅಂದರೆ ‘ಉನೆಯ್ ಪ್ರಿಯೆತೆನೆ ಆ ಮೆಲೆ’. ಮೆಲೆ ಬಹುವಚನದ ವೇಷದಲ್ಲಿದ್ದರೂ ‘ಆ’ ಏಕವಚನವೇ. ಇಲ್ಲಿಯವರೂ ಎಡವಿ ‘ಆಲೆ ಮೆಲೆ’ ಅಂತಾರೆ. ಹಾಗಾಗಿ ತಪ್ಪಾದರೆ ಬೇಜಾರು ಬೇಡ.

ಕ್ಲೂಜ್‌ನಲ್ಲಿರೋ ಶಿವಮೊಗ್ಗದವ

ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಇದನ್ನೇ ಓದುತ್ತಿದ್ದೆ.

ಭಾನುವಾರ ಗೆಳೆಯನ ಜೊತೆ ಅಜ್ಜಿಯ ತಮ್ಮನ ಹಳ್ಳಿಗೆ ಹೋಗಿದ್ದೆ. ಬೇಲಿ ಪಕ್ಕ ಕೂತಿದ್ದ ಒಬ್ಬ ಮುದುಕ, ದಾರಿಯಲ್ಲಿ ಓಡುತ್ತಿದ್ದ ಹುಡುಗನನ್ನು ನಿಲ್ಲಿಸಿ ‘ಆಲ್ ಕುಯ್ ಯೆಶ್ತ್, ಮ?’ ಅಂತ ಕೇಳಿದ. ‘ಕುಯ್’ ಅಂದರೆ ಯಾರ. ಯಾರವನೋ ನೀನು? ಅದರ ಮುಂದೆ ನಿಂತಿದ್ದು ನನ್ನ ಚೀಟಿಯ ಅದೇ ‘ಆಲ್’! ನಮ್ಮೂರಲ್ಲೂ ಹೀಗೇ, ‘ಯಾರ ಮಗನೋ ನೀನು’ ಅಂತ ಕೇಳದೆ ಯಾವ ಅಜ್ಜನೂ ದಾರಿ ಬಿಡಲ್ಲ. ಹುಡುಗಿ ಆಗಿದ್ದರೆ ‘ಆ ಕುಯ್’ ಅಂತಿದ್ದನೇನೋ ಅಂತ ಅಲ್ಲೇ ಲೆಕ್ಕ ಹಾಕಿದೆ.

ವಾಪಸ್ ಬರುವಾಗ ಅಜ್ಜಿ ‘ಚೆ ಮಾಯ್ ಫಾಕ್ ಆಯ್ ತಯ್?’ ಅಂದರು. ಆಯ್ ತಯ್, ನಿನ್ನವರು. ನಿಮ್ಮನೆಯವರೆಲ್ಲ ಹೇಗಿದ್ದಾರೆ ಅಂತ. ಟೇಬಲ್ ನೆನಪು ಮಾಡಿಕೊಳ್ಳದೆ ಬಾಯಿಗೆ ಬಂತು: ‘ಆಯ್ ಮೆಯ್ ಸುಂತ್ ಬಿನೆ.’ ನಮ್ಮವರು ಚೆನ್ನಾಗಿದ್ದಾರೆ. ಅಜ್ಜಿ ಏನೂ ತಿದ್ದಲಿಲ್ಲ. ‘ಬಿನೆ’ಯ ಉಚ್ಚಾರಣೆ ಮಾತ್ರ ಎರಡು ಸಲ ಹೇಳಿಸಿದರು.